ರಿಯಾಲಿನ ಸಂಬಳ, ರೂಪಾಯಿಯ ಲೆಕ್ಕ



ದೋಹಾದಲ್ಲೇ ಆಡಿ ಬೆಳೆದ ನಿಮ್ಮಲ್ಲಿ ಹಲವರಿಗೆ ಈಗ ಮದುವೆಯ ಮಾತುಕತೆ ನಡೆಯುತ್ತಿದೆ, ಕೆಲವರಿಗೆ ಮದುವೆ ಆಗಿಯೂ ಆಗಿದೆ. ಛತ್ರ, ಸೀರೆ, ಫೋಟೊ ಬಗ್ಗೆ ಇಬ್ಬರೂ ಗಂಟೆಗಟ್ಟಲೆ ಮಾತಾಡಿರುತ್ತೀರಿ. ಪೇ ಸ್ಲಿಪ್ಪನ್ನು ಒಬ್ಬರಿಗೊಬ್ಬರು ತೋರಿಸಿದ್ದೀರಾ?

ನಿಮ್ಮ ಅಪ್ಪ ಅಮ್ಮನ ಕಾಲದಲ್ಲಿ ಬಹಳ ಮನೆಗಳಲ್ಲಿ ಲೆಕ್ಕ ಅಪ್ಪನ ತಲೆಯೊಳಗೇ ಇರುತ್ತಿತ್ತು. ಊರಿನಲ್ಲಿ ಯಾರಿಗೆ ಕೈಸಾಲ ಕೊಟ್ಟಿದ್ದಾರೆ ಅನ್ನುವುದು ಅಮ್ಮನಿಗೆ ತಿಳಿಯುತ್ತಿದ್ದದ್ದು ರಜೆಗೆ ಹೋದಾಗ, ಅದೂ ನಾದಿನಿಯ ಬಾಯಿಂದ. ನಿಮ್ಮ ಮನೆಯಲ್ಲಿ ಇಬ್ಬರೂ ದುಡಿಯುತ್ತಿರಬಹುದು. ಆದರೂ ಗುಟ್ಟು ಇಟ್ಟುಕೊಳ್ಳುವ ಅಭ್ಯಾಸ ಹಾಗೇ ಇದೆ, ಈಗ ಇಬ್ಬರಿಗೂ ಇದೆ, ಅಷ್ಟೇ.

ಕತಾರಿನಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಬ್ಯಾಂಕಿನ ಎಸ್ಸೆಮ್ಮೆಸ್ ಬಂದಾಗ ಪೂರ್ತಿ ದುಡ್ಡು ನಮ್ಮದೇ ಅನ್ನಿಸುತ್ತದೆ. ಆದರೆ ಸ್ಲಿಪ್ಪಿನಲ್ಲಿ ಬೇಸಿಕ್ ಎಷ್ಟು ಅಂತ ನೋಡಿ. ನಮ್ಮಂಥವರಿಗೆ ಇಲ್ಲಿ ಪಿಂಚಣಿ ಇಲ್ಲ, ಇರುವುದು ಗ್ರಾಚ್ಯುಟಿ. 2004ರ ಕಾರ್ಮಿಕ ಕಾನೂನಿನ ಪ್ರಕಾರ ಅದು ವರ್ಷಕ್ಕೆ ಕನಿಷ್ಠ ಮೂರು ವಾರದ ಬೇಸಿಕ್ ಸಂಬಳ. ಒಟ್ಟು 9,000 ರಿಯಾಲ್ ಸಂಬಳದಲ್ಲಿ ಬೇಸಿಕ್ 5,000 ಇದ್ದರೆ, ಐದು ವರ್ಷಕ್ಕೆ ಸಿಗುವುದು ಸುಮಾರು 17,500. ವರ್ಷಕ್ಕೊಂದು ತಿಂಗಳ ಪೂರ್ತಿ ಸಂಬಳ ಅಂದುಕೊಂಡು ಮನಸ್ಸಿನಲ್ಲೇ 45,000 ಖರ್ಚು ಮಾಡಿದವರಿಗೆ ಕೊನೆಗೆ ತಲೆಸುತ್ತು ಬರುತ್ತದೆ. ವೀಸಾವನ್ನೂ ಕೆಲಸಕ್ಕೇ ಕಟ್ಟಿಹಾಕಿರುವ ಊರು ಇದು. ಆ ಅಂತರವನ್ನು ನೀವೇ ಪ್ರತಿ ತಿಂಗಳು ತುಂಬಬೇಕು.

ಬಾಡಿಗೆಗೆ ಮನೆಮಾಲೀಕರು ಮುಂದಿನ ತಾರೀಖಿನ ಚೆಕ್ಕುಗಳನ್ನು ಮೊದಲೇ ಬರೆಸಿಕೊಳ್ಳುವುದು ಇಲ್ಲಿನ ರೂಢಿ. ಹಣವಿಲ್ಲದೆ ಚೆಕ್ ವಾಪಸಾದರೆ ಪೊಲೀಸ್ ಕೇಸಾಗಬಹುದು. ಸಹಿ ಒಬ್ಬರದ್ದಾದರೂ ತಾರೀಖು ಇಬ್ಬರಿಗೂ ಗೊತ್ತಿರಲಿ. ಜೂನ್-ಜುಲೈ ರಜೆಯ ವಿಮಾನದ ಟಿಕೆಟ್ಟೂ ಹಾಗೇ: ಮನೆಯವರೆಲ್ಲರ ಟಿಕೆಟ್ ಸೇರಿ 6,000 ರಿಯಾಲ್ ಆದರೆ, ಅದು ಜೂನ್ ತಿಂಗಳ ಖರ್ಚಲ್ಲ, ತಿಂಗಳಿಗೆ 500ರ ಖರ್ಚು.

ಇದೆಲ್ಲ ಕೂಡಿ ಕಳೆಯುವ ಲೆಕ್ಕ, ಒಂದು ಸಂಜೆ ಸಾಕು. ಜಗಳ ಹುಟ್ಟುವುದು ಬೇರೆ ಕಡೆ, ಊರಿಗೆ ಕಳಿಸುವ ದುಡ್ಡಿನಲ್ಲಿ.

ರಿಯಾಲ್ ಡಾಲರಿಗೆ ಗಂಟು ಬಿದ್ದಿದೆ: ಒಂದು ಡಾಲರಿಗೆ 3.64 ರಿಯಾಲ್, ಬದಲಾಗುವುದಿಲ್ಲ. ಏರಿಳಿಯುವುದು ನಮ್ಮ ರೂಪಾಯಿ. 2011ರ ಮಧ್ಯದಲ್ಲಿ ಒಂದು ರಿಯಾಲಿಗೆ 12 ರೂಪಾಯಿ ಚಿಲ್ಲರೆ ಸಿಗುತ್ತಿತ್ತು. 2013ರ ಆಗಸ್ಟ್ ಕೊನೆಯಲ್ಲಿ 18 ದಾಟಿತು. ಆಗ ಗಲ್ಫಿನಲ್ಲಿ ಬ್ಯಾಂಕ್ ಸಾಲ ತೆಗೆದು ಊರಿಗೆ ಕಳಿಸಿದವರೂ ಇದ್ದರು! ರೇಟು ಚೆನ್ನಾಗಿದೆ ಅಂತ ಸಂತೋಷಪಟ್ಟರು, ಬಡ್ಡಿ ಕಟ್ಟಿದ್ದು ಮಾತ್ರ ರಿಯಾಲಿನಲ್ಲಿ. 2022ರಲ್ಲಿ ಡಾಲರ್ 80 ರೂಪಾಯಿ ದಾಟಿದಾಗ ಒಂದು ರಿಯಾಲಿಗೆ ಸುಮಾರು 22 ರೂಪಾಯಿ.

ಊರಿನ ಮನೆಗೆ ತಿಂಗಳಿಗೆ 22,000 ರೂಪಾಯಿ ಬೇಕು ಅನ್ನಿ. 12ರ ರೇಟಿನಲ್ಲಿ ಅದಕ್ಕೆ 1,800 ರಿಯಾಲಿಗೂ ಮೇಲೆ ಬೇಕಿತ್ತು, 22ರ ರೇಟಿನಲ್ಲಿ 1,000 ಸಾಕು. ಆದರೆ ಹೆಚ್ಚಿನವರು ಅದೇ 1,800 ಕಳಿಸುತ್ತಾರೆ, ಉಳಿದ 800 ಎಲ್ಲಿ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಊರಲ್ಲೂ ಬೆಲೆ ಏರಿದೆ, ನಿಜ. ಅದಕ್ಕೇ ಅಗತ್ಯವನ್ನು ರೂಪಾಯಿಯಲ್ಲೇ ಕೇಳಿ: ಅಮ್ಮನ ಮಾತ್ರೆಗೆ ಎಷ್ಟು, ತಮ್ಮನ ಫೀಸಿಗೆ ಎಷ್ಟು? ವರ್ಷಕ್ಕೊಮ್ಮೆ ಮತ್ತೆ ಕೇಳಿ.

ಕೇಳುವಾಗ ಎರಡೂ ಮನೆಗೆ ಕೇಳಿ. ಗಂಡನ ಮನೆಗೆ ಹೋಗುವುದು 'ಜವಾಬ್ದಾರಿ', ಹೆಂಡತಿಯ ತವರಿಗೆ ಹೋಗುವುದು 'ಸಹಾಯ' ಅನ್ನುವ ಮಾತು ನಮ್ಮಲ್ಲಿ ಇನ್ನೂ ಇದೆ, ನನಗಂತೂ ಅದು ಹಿಡಿಸುವುದಿಲ್ಲ. ಅವಳಿಗೂ ವಯಸ್ಸಾದ ಅಪ್ಪ ಇದ್ದಾರೆ. ಹಾಳೆಯಲ್ಲಿ ಜಾಗ ಕೊಡದಿದ್ದರೆ ಅವಳು ದಿನಸಿ ದುಡ್ಡಿನಲ್ಲಿ ಉಳಿಸಿ ಗೆಳತಿಯ ಕೈಯಲ್ಲಿ ಕಳಿಸುತ್ತಾಳೆ. ಅವನು ತಂಗಿಯ ಮದುವೆಗೆ ಫೋನಿನಲ್ಲಿ ಮಾತು ಕೊಟ್ಟು, ಕ್ರೆಡಿಟ್ ಕಾರ್ಡ್ ಉಜ್ಜಿ, ಮನೆಯಲ್ಲಿ ಹೇಳದೆ ಕೂರುತ್ತಾನೆ. ಇಬ್ಬರೂ ಕೆಟ್ಟವರಲ್ಲ. ಮದುವೆಗೆ ಮುಂಚೆ ಕೊಟ್ಟ ಮಾತು, ಹೊತ್ತ ಸಾಲ, ಕಟ್ಟುತ್ತಿರುವ ಚೀಟಿ, ಎಲ್ಲವನ್ನೂ ಮೊದಲ ತಿಂಗಳೇ ಬರೆದಿಟ್ಟರೆ ಯಾವುದನ್ನು ನಿಭಾಯಿಸಬಹುದು, ಯಾವುದಕ್ಕೆ "ಈ ವರ್ಷ ಆಗಲ್ಲ ಅಮ್ಮಾ" ಅನ್ನಬೇಕು ಅನ್ನುವುದು ಕಾಣುತ್ತದೆ. ಆ ಮಾತನ್ನು ಅವರವರ ಮನೆಗೆ ಅವರವರೇ ಹೇಳಬೇಕು. ಸೊಸೆಯ ಬಾಯಲ್ಲೋ ಅಳಿಯನ ಬಾಯಲ್ಲೋ ಹೇಳಿಸಬೇಡಿ.

ಇನ್ನೊಂದು ಮಾತು. ಇಬ್ಬರಿಗೂ ಲೆಕ್ಕ ಕೇಳದ ಸ್ವಲ್ಪ ದುಡ್ಡು ಇರಲಿ, ನೂರೈವತ್ತು ರಿಯಾಲ್ ಆದರೂ ಸರಿ. ಅದರಲ್ಲಿ ಅವಳು ಪುಸ್ತಕ ಕೊಂಡಳೋ, ಅವನು ಗೆಳೆಯರಿಗೆಲ್ಲ ಕರಕ್ ಚಹಾ ಕುಡಿಸಿದನೋ, ಕೇಳಬೇಡಿ.

ಸಂಬಳ ಬಂದ ಮೇಲಿನ ಮೊದಲ ಶುಕ್ರವಾರ, ತಿಂಡಿ ಆದಮೇಲೆ, ಊರಿಗೆ ಫೋನ್ ಮಾಡುವುದಕ್ಕೆ ಮುಂಚೆ ಕುಳಿತುಕೊಳ್ಳಿ.