ಗರ್ಭಕಂಠದ ಕ್ಯಾನ್ಸರ್: ಪ್ರೋಟೀನನ್ನು ಎಲ್ಲಿ ಹುಡುಕಬೇಕು?

ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ವೈರಸ್ ಕಾರಣವೆಂಬುದು, ಅದನ್ನು ತೋರಿಸಿಕೊಟ್ಟ ಹೆರಾಲ್ಡ್ ತ್ಸೂರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂದದ್ದು, ಲಸಿಕೆಯ ವಿವರ, ಇವೆಲ್ಲ ಸಭಿಕರಿಗೆ ಬೇರೆಡೆ ಸುಲಭವಾಗಿ ಸಿಗುತ್ತವೆ. ನಾನು ಎತ್ತಿಕೊಳ್ಳುವುದು ಒಂದೇ ಪ್ರಶ್ನೆ: ಪ್ರೋಟೀನ್ ಪರೀಕ್ಷೆಯಿಂದ ಈ ರೋಗವನ್ನು ಮೊದಲೇ ಹಿಡಿಯಬೇಕಾದರೆ ಆ ಪ್ರೋಟೀನನ್ನು ಎಲ್ಲಿ ಹುಡುಕಬೇಕು? ರಕ್ತದಲ್ಲಿ ಎನ್ನುವ ವಿದ್ವಾಂಸರಿದ್ದಾರೆ. ಗರ್ಭಕಂಠದ ಜೀವಕೋಶದಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ.

ರಕ್ತಪರೀಕ್ಷೆಯ ಆಕರ್ಷಣೆ ಅರ್ಥವಾಗುವಂಥದ್ದೇ. ತೋಳಿನಿಂದ ಒಂದಿಷ್ಟು ರಕ್ತ ಕೊಡಲು ಯಾವ ಹೆಣ್ಣುಮಗಳೂ ಸಂಕೋಚಪಡಬೇಕಿಲ್ಲ. ಆದರೆ ನಾವು ಹಿಡಿಯಬೇಕಾದದ್ದು ಕ್ಯಾನ್ಸರಾಗುವ ಮುಂಚಿನ ಹಂತವನ್ನು. ಆ ಹಂತದಲ್ಲಿ ಕೆಟ್ಟ ಕೋಶಗಳು ಮೇಲ್ಪದರದೊಳಗೇ ಇರುತ್ತವೆ, ತಳಪೊರೆಯನ್ನು ದಾಟಿರುವುದಿಲ್ಲ. ಅವುಗಳ ಗುರುತು ರಕ್ತದಲ್ಲಿ ನೆಚ್ಚುವಷ್ಟು ಸಿಗುವುದಾದರೂ ಹೇಗೆ? 1977ರಿಂದ ಪರಿಚಿತವಾದ ಎಸ್‌ಸಿಸಿ ಆಂಟಿಜೆನ್ ಎಂಬ ರಕ್ತದ ಪ್ರೋಟೀನು ಗಡ್ಡೆ ಬೆಳೆದಂತೆ ಏರುತ್ತದೆ. ಹೀಗಾಗಿ ಚಿಕಿತ್ಸೆಯ ನಂತರದ ನಿಗಾಕ್ಕೆ ಉಪಯುಕ್ತ. ಸೋರಿಯಾಸಿಸ್‌ನಲ್ಲೂ ಮೂತ್ರಪಿಂಡದ ವೈಫಲ್ಯದಲ್ಲೂ ಅದು ಏರುವುದರಿಂದ ತಪಾಸಣೆಗೆ ನಿಷ್ಪ್ರಯೋಜಕ. ಒಂದಲ್ಲದಿದ್ದರೆ ಹಲವು ಪ್ರೋಟೀನುಗಳ ವಿನ್ಯಾಸ ನೋಡೋಣ ಎಂಬ ವಾದಕ್ಕೂ ಚರಿತ್ರೆಯಿದೆ. 2002ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಅಧ್ಯಯನವೊಂದು ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ ಅಂಡಾಶಯದ ಕ್ಯಾನ್ಸರಿನ 50 ಪ್ರಕರಣಗಳನ್ನೂ ಗುರುತಿಸಿತ್ತು, ಕ್ಯಾನ್ಸರಿಲ್ಲದ 66 ಮಂದಿಯಲ್ಲಿ 63 ಮಂದಿಯನ್ನು ಸರಿಯಾಗಿ ಬಿಟ್ಟಿತ್ತು. ಸಂಖ್ಯಾಶಾಸ್ತ್ರಜ್ಞ ಕೀತ್ ಬ್ಯಾಗರ್ಲಿ ಮತ್ತು ಸಂಗಡಿಗರು ಅದೇ ಗುಂಪಿನ ದತ್ತಾಂಶವನ್ನು ಮತ್ತೆ ಜಾಲಾಡಿದಾಗ, ವ್ಯತ್ಯಾಸದ ಬಹುಪಾಲು ರೋಗದ್ದಲ್ಲ, ಮಾದರಿಗಳ ನಿರ್ವಹಣೆಯ ಮತ್ತು ಯಂತ್ರದ ಹೊಂದಾಣಿಕೆಯ ಫಲವಿರಬಹುದೆಂಬ ಗಂಭೀರ ಆಕ್ಷೇಪ ಎದ್ದಿತು. ಅದನ್ನು ಬದಿಗಿಟ್ಟರೂ ಲೆಕ್ಕ ತಪ್ಪುವುದಿಲ್ಲ: ಆರೋಗ್ಯವಂತರಲ್ಲಿ ಶೇಕಡಾ 5ರಷ್ಟು ಎಡವುವ ಪರೀಕ್ಷೆ, ಒಂದು ಲಕ್ಷ ಮಹಿಳೆಯರಲ್ಲಿ ಸುಮಾರು 5,000 ಮಂದಿಯನ್ನು ವಿನಾಕಾರಣ ಭಯಕ್ಕೆ ದೂಡುತ್ತದೆ.

ಜೀವಕೋಶದೊಳಗೆ ನೋಡಿದರೆ ಊಹೆಗೆ ಬದಲು ಕಾರಣವೇ ಕೈಗೆ ಸಿಗುತ್ತದೆ. ವೈರಸ್ಸಿನ ಇ7 ಪ್ರೋಟೀನು ನಮ್ಮ ಆರ್‌ಬಿ ಪ್ರೋಟೀನನ್ನು ಕೆಡಿಸುತ್ತದೆ. ಆರ್‌ಬಿಯ ಹಿಡಿತ ತಪ್ಪಿದೊಡನೆ ಪಿ16 ಎಂಬ ಪ್ರೋಟೀನು ವಿಪರೀತ ಏರುತ್ತದೆ. ಪಿ16 ಕೋಶವಿಭಜನೆಗೆ ಬ್ರೇಕು; ಕೆಐ-67 ಪ್ರೋಟೀನು ವಿಭಜನೆ ನಡೆದಿದೆ ಎಂಬುದರ ಗುರುತು. ಆರೋಗ್ಯವಂತ ಕೋಶದಲ್ಲಿ ಇವೆರಡೂ ಜೊತೆಯಾಗಿ ಕಾಣುವುದಿಲ್ಲ. ಪಿ16ಕ್ಕೆ ಕಂದು, ಕೆಐ-67ಕ್ಕೆ ಕೆಂಪು ಹಚ್ಚುವ ಜೋಡಿ ಬಣ್ಣದ ಪರೀಕ್ಷೆಯ ಸ್ಲೈಡಿನಲ್ಲಿ ಒಂದೇ ಕೋಶ ಕಂದುಬಣ್ಣ ತಾಳಿ, ಅದರ ನ್ಯೂಕ್ಲಿಯಸ್ ಕೆಂಪಾಗಿದ್ದರೆ, ಬ್ರೇಕು ಒತ್ತಿದ್ದರೂ ಗಾಡಿ ಓಡುತ್ತಿದೆ ಎಂದೇ ಅರ್ಥ.

ಇದಕ್ಕೆ ಪ್ರಯೋಗಾಲಯ ಬೇಕು, ಪಳಗಿದ ಕಣ್ಣು ಬೇಕು, ಖರ್ಚೂ ಹೆಚ್ಚು ಎಂಬ ಆಕ್ಷೇಪ ನ್ಯಾಯವಾದದ್ದು. ವೈರಸ್ಸಿನ ಇನ್ನೊಂದು ಪ್ರೋಟೀನಾದ ಇ6ನ ಪಟ್ಟಿ (ಸ್ಟ್ರಿಪ್) ಪರೀಕ್ಷೆಗೆ ಸೂಕ್ಷ್ಮದರ್ಶಕ ಬೇಡ, ನಿಜ. ಆದರೆ ಅದು ವೈರಸ್ಸಿನ ಕೆಲವೇ ಬಗೆಗಳಿಗೆ ಸೀಮಿತ, ಕ್ಯಾನ್ಸರ್‌ಪೂರ್ವ ಹಂತದ ಎಷ್ಟೋ ಪ್ರಕರಣ ಅದರ ಕಣ್ಣಿಗೆ ಬೀಳುವುದಿಲ್ಲ. ಖರ್ಚಿಗೆ ನನ್ನ ಉತ್ತರ, ಜೋಡಿ ಬಣ್ಣದ ಪರೀಕ್ಷೆ ಎಲ್ಲರಿಗೂ ಬೇಡ, ಮೊದಲು ಎಚ್‌ಪಿವಿ ಪರೀಕ್ಷೆ ಮಾಡಿ ಸೋಂಕು ಕಂಡವರಿಗಷ್ಟೇ ಸಾಕು ಎಂಬುದು. ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರಿದ್ದ ಉಸ್ಮಾನಾಬಾದ್ ಅಧ್ಯಯನ, ಒಂದೇ ಸುತ್ತಿನ ಎಚ್‌ಪಿವಿ ಪರೀಕ್ಷೆ ಸಾವನ್ನು ಅರ್ಧದಷ್ಟು ಇಳಿಸಿತೆಂದು 2009ರಲ್ಲಿ ತೋರಿಸಿತು. ಸೋಂಕು ಕಂಡವರಲ್ಲಿ ಹೆಚ್ಚಿನವರಿಗೆ ಅದು ತಾನಾಗಿಯೇ ಹೋಗುತ್ತದೆ. ಉಳಿದವರನ್ನು ಬೇರ್ಪಡಿಸುವುದಷ್ಟೇ ಪ್ರೋಟೀನಿನ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯೂ 2024ರಲ್ಲಿ ಜೋಡಿ ಬಣ್ಣಕ್ಕೆ ಈ ಸ್ಥಾನವನ್ನೇ ಕೊಟ್ಟಿತು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠದ ಕ್ಯಾನ್ಸರಿನ ತಪಾಸಣೆ ಕಂಡವರು ಶೇಕಡಾ 2ರಷ್ಟೂ ಇರಲಿಲ್ಲ. ರಕ್ತದ ಹನಿಯಲ್ಲಿ ಉತ್ತರ ಸಿಕ್ಕೀತೆಂದು ಕಾಯುತ್ತ ಕೂರುವುದು ಬೇಡ. ಎಚ್‌ಪಿವಿ ಪರೀಕ್ಷೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈಗಲೇ ಆರಂಭಿಸಿ, ಜೋಡಿ ಬಣ್ಣವನ್ನು ಓದಬಲ್ಲ ತಂತ್ರಜ್ಞರನ್ನು ವೈದ್ಯಕೀಯ ಕಾಲೇಜುಗಳ ರೋಗಶಾಸ್ತ್ರ ವಿಭಾಗಗಳಲ್ಲಿ ತಯಾರು ಮಾಡಬೇಕೆಂದು ಸರ್ಕಾರವನ್ನೂ ಸಹೋದ್ಯೋಗಿಗಳನ್ನೂ ಕೇಳಿಕೊಳ್ಳುತ್ತೇನೆ.