ಹೊಟ್ಟೆ ಎತ್ತುವ ಇರುವೆಗಳ ಮನೆ



ಮಲೆನಾಡಿನ ಕಾಡಿನಲ್ಲಿ ಮರದ ಕೊಂಬೆಗೆ ಮೆತ್ತಿದಂತಿರುವ ಕಪ್ಪು-ಕಂದು ಉಂಡೆಗಳನ್ನು ನೀವು ಕಂಡಿರಬಹುದು. ಎಲೆ ಹೊಲಿದು ಮಾಡಿದ ಚಗಳಿ ಇರುವೆಯ ಕೊಟ್ಟೆಯಲ್ಲ ಅದು. ಮರದ ನಾರನ್ನು ಅಗಿದು, ಎಂಜಲು ಬೆರೆಸಿ, ಮೂರು ನಾಲ್ಕು ಮಿಲಿಮೀಟರ್ ಉದ್ದದ ಇರುವೆಗಳು ಕಟ್ಟಿಕೊಂಡ ರಟ್ಟಿನ ಮನೆ.

ಈ ಕುಲದ ಹೆಸರು ಕ್ರೆಮಾಟೋಗ್ಯಾಸ್ಟರ್. 1831ರಲ್ಲಿ ಡೆನ್ಮಾರ್ಕಿನ ಲುಂಡ್ ಎಂಬ ವಿಜ್ಞಾನಿ ಇಟ್ಟದ್ದು. ತೂಗುವ ಹೊಟ್ಟೆ ಎಂದು ಅರ್ಥ. ಬೇರೆ ಇರುವೆಗಳಲ್ಲಿ ಸೊಂಟ ಹೊಟ್ಟೆಯ ಮುಂಭಾಗಕ್ಕೆ ಕೂಡಿಕೊಂಡರೆ, ಇವುಗಳಲ್ಲಿ ಮೇಲ್ಭಾಗಕ್ಕೆ ಕೂಡಿಕೊಳ್ಳುತ್ತದೆ. ಹಾಗಾಗಿ ಕೆಣಕಿದೊಡನೆ ಹೃದಯದಾಕಾರದ ಹೊಟ್ಟೆಯನ್ನು ತಲೆಯ ಮೇಲಕ್ಕೆ ಎತ್ತುತ್ತವೆ. ಕೊಂಡಿ ಚಪ್ಪಟೆ. ಚುಚ್ಚುವುದಕ್ಕಿಂತ ಹೆಚ್ಚಾಗಿ ವಿಷವನ್ನು ಶತ್ರುವಿನ ಮೈಗೆ ಸವರುತ್ತವೆ.

ಇಂಥ ಮನೆಯನ್ನೂ ಬಾಡಿಗೆಗೆ ಹಿಡಿಯುವ ಹಕ್ಕಿಯೊಂದಿದೆ. ನಮ್ಮ ಪಶ್ಚಿಮ ಘಟ್ಟದ ಕಂದು ಮರಕುಟಿಗಕ್ಕೆ ಈ ಇರುವೆಗಳೇ ಅಚ್ಚುಮೆಚ್ಚಿನ ಆಹಾರ. ಆದರೂ ಮೊಟ್ಟೆಯಿಡುವ ಕಾಲ ಬಂದರೆ, ಇರುವೆ ತುಂಬಿರುವ ಗೂಡನ್ನೇ ಕೊರೆದು ಒಳಗೆ ಸಂಸಾರ ಹೂಡುತ್ತದೆ. ತಾನು ತಿನ್ನುವ ಇರುವೆಗಳ ಮನೆಯಲ್ಲೇ ಮರಿಗಳನ್ನು ಬೆಳೆಸುವ ಈ ನಂಟು ನನಗೆ ಇಂದಿಗೂ ಬೆರಗು.

ಕುಲದ ಎಲ್ಲ ಪ್ರಭೇದಗಳೂ ರಟ್ಟಿನ ಮನೆ ಕಟ್ಟುವುದಿಲ್ಲ. ಕೆಲವು ಒಣಗಿದ ಕೊಂಬೆಯ ಪೊಟರೆ ಸೇರುತ್ತವೆ, ಮಲೇಷ್ಯಾದಲ್ಲಿ ಕೆಲವು ಮಕರಂಗ ಮರದ ಟೊಳ್ಳು ಕಾಂಡದೊಳಗೆ ಇರುತ್ತವೆ. ಕೀನ್ಯಾದ ಲೈಕಿಪಿಯಾ ಬಯಲಿನ ಒಂದು ಜಾಲಿ ಜಾತಿಯ ಮರವಂತೂ ಮುಳ್ಳಿನ ಬುಡವನ್ನೇ ಗಡ್ಡೆಯಂತೆ ಉಬ್ಬಿಸಿ ಮನೆ ಕೊಡುತ್ತದೆ, ಎಲೆಯ ಬುಡದಲ್ಲಿ ಸಿಹಿರಸವನ್ನೂ ಸುರಿಸುತ್ತದೆ. ಇರುವೆ ಕೊರೆದ ತೂತಿನಲ್ಲಿ ಗಾಳಿ ನುಗ್ಗಿದಾಗ ಮುಳ್ಳು ಸಿಳ್ಳೆ ಹಾಕುತ್ತದೆ. ಆನೆ ಸೊಂಡಿಲು ಚಾಚಿದರೆ ಇರುವೆಗಳು ಮುತ್ತಿ ಸೊಂಡಿಲಿನೊಳಗೇ ಹೊಕ್ಕುಬಿಡುತ್ತವೆ. ಆನೆ ಆ ಮರದ ಸಹವಾಸವೇ ಬೇಡವೆಂದು ನಡೆಯುತ್ತದೆ.

ಈಗ ಅಲ್ಲಿಗೆ ಹೊರಗಿನಿಂದ ದಪ್ಪತಲೆಯ ಇನ್ನೊಂದು ಇರುವೆ ಬಂದಿದೆ. ಅದು ಈ ಕಾವಲುಗಾರರನ್ನು ಕೊಂದುಹಾಕುತ್ತದೆ, ಆದರೆ ಮರವನ್ನು ಕಾಯುವುದಿಲ್ಲ. ಇದರ ಪರಿಣಾಮ 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿದೆ. ಕಾವಲಿಲ್ಲದ ಮರಗಳನ್ನು ಆನೆಗಳು ಮುರಿದುಹಾಕಿದವು. ಮರೆ ಕಡಿಮೆಯಾಗಿ ಬಯಲು ತೆರೆದುಕೊಂಡಿತು. ಹೊಂಚು ಹಾಕಲು ಮರೆಯಿಲ್ಲದ ಸಿಂಹಗಳಿಗೆ ಜೀಬ್ರಾ ಸಿಕ್ಕುವುದು ಕಷ್ಟವಾಯಿತು. ಅವು ಈಗ ಕಾಡೆಮ್ಮೆಗಳ ಬೆನ್ನು ಹತ್ತಿವೆ.