ಪರಹಿತ ಚಿಂತನೆಯೇ ಕ್ರೈಸ್ತ ಬಾಳಿನ ಒರೆಗಲ್ಲು
(ಧರ್ಮಕೇಂದ್ರದ ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಮುಂದೆ ನಿಂತು ಅದರ ಗೋಡೆ, ಗೋಪುರ, ಗಂಟೆಗಳ ಚರಿತ್ರೆಯನ್ನು ಹೇಳುವುದು ಸುಲಭ. ಆದರೆ ಧರ್ಮಸಭೆಯೆಂಬುದು ಕಲ್ಲುಗಾರೆಯ ಕಟ್ಟಡವಲ್ಲ. ಒಬ್ಬರ ಭಾರವನ್ನು ಮತ್ತೊಬ್ಬರು ಹೊರುವ ವಿಶ್ವಾಸಿಗಳ ಸಮುದಾಯ. ಆದುದರಿಂದ ಈ ಶುಭ ಸಂದರ್ಭದಲ್ಲಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಮ್ಮ ಬಾಳು ನೆರೆಯವನ ಹಿತಕ್ಕೋ, ಬರಿಯ ಸ್ವಂತ ಲಾಭಕ್ಕೋ?

ಸಂತ ಪೌಲರು ಸೆರೆಯಲ್ಲಿದ್ದು ಫಿಲಿಪ್ಪಿಯ ಕ್ರೈಸ್ತರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಈ ಪ್ರಶ್ನೆಯೇ ಎದುರಾಗುತ್ತದೆ. ಎಲ್ಲರೂ ತಂತಮ್ಮ ಕಾರ್ಯದ ಚಿಂತೆಯಲ್ಲಿ ಮುಳುಗಿರುವಾಗ, ಫಿಲಿಪ್ಪಿಯರ ಯೋಗಕ್ಷೇಮವನ್ನು ನಿಜವಾಗಿ ಮನಸ್ಸಿಗೆ ಹಚ್ಚಿಕೊಂಡವನು ತಿಮೊಥೇಯನಂತೆ ಬೇರೊಬ್ಬನಿಲ್ಲವೆಂದು ಅವರು ನೊಂದು ನುಡಿಯುತ್ತಾರೆ. ಅದೇ ಅಧ್ಯಾಯದಲ್ಲಿ ಎಪಫ್ರೊದಿತನೆಂಬ ಮತ್ತೊಬ್ಬ ಸೇವಕನಿದ್ದಾನೆ. ಕಾಯಿಲೆಯಿಂದ ಸಾವಿನ ಅಂಚಿಗೆ ಹೋಗಿದ್ದ ಅವನು ತನ್ನ ಸಂಕಟಕ್ಕಾಗಿ ಮರುಗಲಿಲ್ಲ. ತನ್ನ ಕಾಯಿಲೆಯ ಸುದ್ದಿ ಊರಿನವರಿಗೆ ತಿಳಿದು ಅವರು ನೊಂದರಲ್ಲಾ ಎಂದು ಮರುಗಿದನು! ಹಾಗೆಂದು ಪೌಲರು ಸ್ವಂತ ಮನೆಮಾರುಗಳ ಪಾಲನೆಯನ್ನು ನಿಂದಿಸಲಿಲ್ಲ. ನಮ್ಮ ಹಿತದ ಜೊತೆಗೆ ಪರರ ಹಿತವನ್ನೂ ನೋಡಬೇಕೆಂಬುದೇ ಅವರ ಬೋಧನೆಯ ಸಾರ. ತನ್ನ ಮಕ್ಕಳಿಗೆ ಅನ್ನ ಸಂಪಾದಿಸುವುದು ಧರ್ಮ. ನೆರೆಯವನ ಮಕ್ಕಳ ಅನ್ನವನ್ನು ಕಂಡೂ ಕಾಣದಂತಿರುವುದು ಅಧರ್ಮ.

ನಮ್ಮ ಮೈಸೂರು ಸೀಮೆಯ ಧರ್ಮಸಭೆಯ ಚರಿತ್ರೆಯಲ್ಲಿ ಇದಕ್ಕೊಂದು ಉಜ್ಜ್ವಲ ನಿದರ್ಶನವಿದೆ. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಈ ನಾಡಿಗೆ ಬಂದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ, ಯುದ್ಧದಿಂದ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ಹಾಸನದ ಬಳಿಯ ಶೆಟ್ಟಿಹಳ್ಳಿಯಂತಹ ಕಡೆಗಳಲ್ಲಿ ಬಡವರು ಬೇಸಾಯದಿಂದ ನೆಲೆ ನಿಲ್ಲುವಂತೆ ಮಾಡಿದರು. 1803–04ರಲ್ಲಿ ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕಾರ್ಯದಲ್ಲಿ ತೊಡಗಿ, 25,000ಕ್ಕೂ ಹೆಚ್ಚು ಜನರಿಗೆ ಆ ರಕ್ಷಣೆ ದೊರಕುವಂತೆ ಮಾಡಿದರು. ಆ ಪದ್ಧತಿ ಆಗ ಜನರಿಗೆ ಹೊಸದು, ಅಂಜಿಕೆ ಹುಟ್ಟಿಸುವಂಥದ್ದು. ರೋಗಕ್ಕೆ ಜಾತಿಮತಗಳ ಭೇದವಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಕರುಣೆಗೂ ಆ ಭೇದವಿಲ್ಲವೆಂಬುದನ್ನು ಬಾಳಿ ತೋರಿಸುವವರು ವಿರಳ. ನಮ್ಮ ಕಾಲದಲ್ಲೇ, ಇದೇ ಜಿಲ್ಲೆಯ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದ್ದನ್ನು ನಾವೆಲ್ಲರೂ ಕಂಡಿದ್ದೇವೆ. ಒಳ್ಳೆಯದನ್ನು ಎಲ್ಲಿ ಕಂಡರೂ ದೇವರಿಗೆ ಕೃತಜ್ಞರಾಗುವುದು ನಮ್ಮ ಕರ್ತವ್ಯ.

ಇನ್ನು ನಮ್ಮ ತೋಟಗಳತ್ತ ಬರೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಜನರಾದ ನಮಗೆ ತೆಂಗೇ ಜೀವನಾಧಾರ. ಸುಳಿ ಕೊರೆಯುವ ದುಂಬಿ ಮರಿಮಾಡುವುದು ಗೊಬ್ಬರದ ಗುಂಡಿಯಲ್ಲಿ, ಕೊಳೆತ ಕಾಂಡದಲ್ಲಿ. ನನ್ನ ಗುಂಡಿಯನ್ನು ನಾನು ಅಲಕ್ಷಿಸಿದರೆ ಸಾಯುವುದು ಪಕ್ಕದವನ ಎಳೆಯ ಸಸಿ. ಹಣವುಳ್ಳವನು ಇನ್ನಷ್ಟು ಆಳಕ್ಕೆ ಕೊಳವೆ ಬಾವಿ ಕೊರೆಸಿದರೆ, ಪಕ್ಕದ ಬಡವನ ಬಾವಿ ಬತ್ತಬಹುದು. ಭೂಮಿಯ ಮೇಲೆ ಬದು ಹಾಕಬಹುದು. ಭೂಮಿಯೊಳಗಿನ ನೀರಿಗೆ ಬದು ಹಾಕಲಾದೀತೇ? ಬೇಸಿಗೆಯಲ್ಲಿ ಅವನ ಹತ್ತು ಮರಗಳಿಗೆ ಒಂದು ಸರದಿ ನೀರು ಬಿಡುವುದು ಎಷ್ಟೋ ದೀರ್ಘ ಪ್ರಾರ್ಥನೆಗಳಿಗಿಂತ ದೇವರಿಗೆ ಪ್ರಿಯವಾದ ಕಾಣಿಕೆಯಾದೀತು.

ಮರ ಹತ್ತಿ ಕಾಯಿ ಕೆಡಹುವವನು ಪ್ರತಿದಿನವೂ ಪ್ರಾಣವನ್ನು ಪಣವಾಗಿಡುತ್ತಾನೆ. ಅವನಿಗೆ ಕೂಲಿ ಕೊಟ್ಟೊಡನೆ ನಮ್ಮ ಋಣ ತೀರಿತೇ? ಅಂಥವರಿಗಾಗಿಯೇ ತೆಂಗು ಅಭಿವೃದ್ಧಿ ಮಂಡಳಿಯು ಕೇರ ಸುರಕ್ಷಾ ಎಂಬ ವಿಮಾ ಯೋಜನೆಯನ್ನು ತಂದಿತು. ಇಂತಹ ಅನುಕೂಲಗಳ ಸುದ್ದಿಯನ್ನು ಅವನ ಮನೆಗೆ ಮುಟ್ಟಿಸಿ, ಅರ್ಜಿ ತುಂಬಿಸಿಕೊಡುವವರು ಯಾರು? 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿಯೆಂದು ನಿಗದಿಯಾಗಿತ್ತು. ಆದರೆ ನೋಂದಣಿಯ ರೀತಿಯನ್ನರಿಯದ ಒಬ್ಬ ವಿಧವೆಗೆ ಬೆಂಬಲ ಬೆಲೆಯಿಂದೇನು ಫಲ? ಓದುಬರಹ ಬಲ್ಲ ನಮ್ಮ ಯುವಕರು ಅವಳ ಕಾಗದಪತ್ರ ಹಿಡಿದು ಒಂದು ಮಧ್ಯಾಹ್ನ ಸರದಿಯಲ್ಲಿ ನಿಂತರೆ, ತಿಮೊಥೇಯನ ಗುಣ ಅವರಲ್ಲಿಯೂ ಇದೆಯೆಂದು ಹೇಳಬಹುದು.

ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಿದ ಕಾಯಿಗಳೆಲ್ಲವೂ ಹೊರಗೆ ಒಂದೇ ತೆರನಾಗಿ ಕಾಣುತ್ತವೆ. ಸುಲಿದು ಒಡೆದಾಗಲೇ ಯಾವುದು ಸೊಗಸಾದ ಗಿಟುಕು, ಯಾವುದು ಕೌಟು ಎಂಬುದು ತಿಳಿಯುವುದು. ನಮ್ಮ ದಾನಧರ್ಮಗಳೂ ಹಾಗೆಯೇ. ಹೆಸರು ಕೆತ್ತಿದ ಅಮೃತಶಿಲೆಗಾಗಿ ಕೊಟ್ಟ ಕಾಣಿಕೆ, ಹಬ್ಬದ ಸಮಿತಿಯಲ್ಲಿ ಸ್ಥಾನಕ್ಕಾಗಿ ಮಾಡಿದ ಸೇವೆ ಹೊರಗೆ ಚೆನ್ನಾಗಿಯೇ ಕಾಣುತ್ತವೆ. ಅವನ್ನು ಪರೀಕ್ಷಿಸಲು ಮೂರು ಪ್ರಶ್ನೆಗಳು ಸಾಕು. ಯಾರೂ ನೋಡದಿದ್ದರೂ ಇದನ್ನು ಮಾಡುತ್ತಿದ್ದೆನೇ? ಪಡೆದವನು ಕೃತಜ್ಞತೆ ಹೇಳದಿದ್ದರೂ ಮುಂದುವರಿಸುವೆನೇ? ನನಗೆ ಬೇಕಾದುದನ್ನು ಕೊಡುತ್ತಿದ್ದೇನೆಯೋ, ಅವನಿಗೆ ಬೇಕಾದುದನ್ನೋ?

ಪ್ರಿಯರೇ, ಬಲಿಪೂಜೆಯಲ್ಲಿ ನಾವು ಸ್ವೀಕರಿಸುವುದು ನಮಗಾಗಿ ಮುರಿಯಲ್ಪಟ್ಟ ರೊಟ್ಟಿಯನ್ನು. ಅದನ್ನು ಸ್ವೀಕರಿಸಿದವನು ತನ್ನನ್ನು ಮಾತ್ರ ಇಡಿಯಾಗಿ ಉಳಿಸಿಕೊಳ್ಳಲಾರ. ತೆಂಗಿನ ಸಸಿ ನೆಟ್ಟ ಹಿರಿಯರು ಅದರ ಫಲವನ್ನೆಲ್ಲ ತಾವೇ ಉಣ್ಣಲಿಲ್ಲ. ಈ ದೇವಾಲಯವನ್ನು ಕಟ್ಟಿದವರೂ ಅಷ್ಟೇ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ಈ ಧರ್ಮಕೇಂದ್ರದಲ್ಲಿ ಹಸಿದವನಿಗೆ, ಒಂಟಿಯಾದವಳಿಗೆ, ನೀರಿಲ್ಲದ ತೋಟದವನಿಗೆ ನಾವೆಲ್ಲರೂ ನಿಜವಾದ ನೆರೆಯವರಾಗುವ ವರವನ್ನು ಕರುಣಾಮಯನಾದ ದೇವರು ದಯಪಾಲಿಸಲಿ.